ಲಾಯರ್ ಓದಿ ಯೂನಿಯನ್ ಮುಖಂಡರಾಗುವುದು: ಕೊಡಗಿನ ತೋಟಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿರಾಜಪೇಟೆ ಕಡೆಯವನು, ಕಸುಬಿನಲ್ಲಿ ವಕೀಲ. ಕಾಫಿ ತೋಟದ ಕೆಲಸಗಾರರ ಒಂದು ಸಣ್ಣ ಯೂನಿಯನ್ನಿನಲ್ಲಿ ಪದಾಧಿಕಾರಿಯೂ ಹೌದು. ವರ್ಷಕ್ಕೆ ನಾಲ್ಕೈದು ಹುಡುಗ ಹುಡುಗಿಯರಾದರೂ ಬಂದು ಅವೇ ಪ್ರಶ್ನೆ ಕೇಳುತ್ತಾರೆ. ಅವರ ಅಪ್ಪ ಅಮ್ಮನೂ ಕೇಳುತ್ತಾರೆ, ಸ್ವಲ್ಪ ಬೇರೆ ದನಿಯಲ್ಲಿ. ಪ್ರತಿ ಸಲ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಯೂನಿಯನ್ ಕೆಲಸಕ್ಕೆ ಕಾನೂನು ಓದಲೇಬೇಕಾ?

ಬೇಡ. ನಾನು ಕಂಡ ಅತ್ಯುತ್ತಮ ಮುಖಂಡರೊಬ್ಬರು ಏಳನೇ ಕ್ಲಾಸು ಓದಿದ ಕಪಾತು (ಕೊಂಬೆ ಸವರುವ) ಕೆಲಸದವರು. ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾರೆ ಅಂತ ಅವರಿಗೆ ಗೊತ್ತಿರುತ್ತಿತ್ತು. ಆದರೆ ಮಾತುಕತೆ ಮುರಿದು ವಿಷಯ ಕಾಗದಕ್ಕೆ ಇಳಿದಾಗ ಅವರೂ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕಾನೂನು ಓದಿದ್ದರ ಉಪಯೋಗ ಅಲ್ಲಿದೆ. ಯಾವ ಕಾಗದ ಮುಂದೆ ಬೇಕಾಗುತ್ತದೆ ಅನ್ನೋದು ಜಗಳ ಶುರುವಾಗುವ ಮೊದಲೇ ಗೊತ್ತಿರುತ್ತದೆ.

ಏನು ಓದಬೇಕು, ಎಲ್ಲಿ ಓದಬೇಕು?

ಪಿಯುಸಿ ಮುಗಿಸಿ ಹೋದರೆ 5 ವರ್ಷ, ಡಿಗ್ರಿ ಮುಗಿಸಿ ಹೋದರೆ 3 ವರ್ಷ. ನಮ್ಮವರು ಜಾಸ್ತಿ ಹೋಗುವುದು ಮೈಸೂರು ಇಲ್ಲವೇ ಮಂಗಳೂರಿಗೆ. ಹೆಚ್ಚಿನ ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಆಮೇಲೆ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅದಾದ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿಗೆ ಹಿಂದೆ ಸಾವಿರಗಟ್ಟಲೆ ಕೀಳುತ್ತಿದ್ದರು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕಡಿವಾಣ ಹಾಕಿತು. ಕಾಯ್ದೆಯಲ್ಲಿ ಇರುವ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ, ಅದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ತಗೊಳ್ಳುವ ಹಾಗಿಲ್ಲ ಅಂತ ಹೇಳಿತು. ಲೈನ್ ಮನೆಯಿಂದ, ಅಂದರೆ ಕೆಲಸಗಾರರಿಗೆ ತೋಟದವರು ಕಟ್ಟಿಸಿದ ಸಾಲು ಮನೆಯಿಂದ, ಓದಲು ಹೊರಟ ಮಗುವಿಗೆ ಇದು ಸಣ್ಣ ವಿಷಯ ಅಲ್ಲ.

ಕಾಲೇಜಿನಲ್ಲಿ ಕಾರ್ಮಿಕ ಕಾನೂನಿನ ಪೇಪರನ್ನು ಪಾಸಾಗಲು ಮಾತ್ರ ಓದುವವರೇ ಹೆಚ್ಚು. ನಾನೂ ಹಾಗೇ ಓದಿದ್ದೆ. ಆಮೇಲೆ ಅನುಭವಿಸಿದೆ.

ಯೂನಿಯನ್ ಸಂಬಳ ಕೊಡುತ್ತದಾ? ಸಂಬಳ ತಗೊಂಡು ವಕೀಲಿಕೆಯನ್ನೂ ಮಾಡಬಹುದಾ?

ಎರಡೂ ಒಟ್ಟಿಗೆ ಆಗುವುದಿಲ್ಲ. ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವಕೀಲಿಕೆ ಮಾಡುವವರು ಪೂರ್ಣಾವಧಿ ಸಂಬಳದ ನೌಕರರಾಗಿರಬಾರದು, ಅದು ಯೂನಿಯನ್ನೇ ಆದರೂ. ಪೂರ್ತಿ ಯೂನಿಯನ್ ಸಂಬಳದಲ್ಲಿ ಇರುವುದಾದರೆ ಸನದನ್ನು (ವಕೀಲಿಕೆಯ ಪರವಾನಗಿ) ಅಮಾನತಿನಲ್ಲಿ ಇಡಬೇಕು. ನನ್ನ ಹಾಗೆ ಸಂಬಳ ಇಲ್ಲದೆ ಪದಾಧಿಕಾರಿ ಆಗಿದ್ದರೆ ತೊಂದರೆ ಇಲ್ಲ.

ಸಂಬಳ ಎಲ್ಲಿಂದ ಬರಬೇಕು ಹೇಳಿ? ಟ್ರೇಡ್ ಯೂನಿಯನ್ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯಲ್ಲಿ ಕನಿಷ್ಠ ಚಂದಾ ನಿಗದಿ ಮಾಡಿದ್ದು ಗ್ರಾಮೀಣ ಕಾರ್ಮಿಕರಿಗೆ ವರ್ಷಕ್ಕೆ 1 ರೂಪಾಯಿ, ಅಸಂಘಟಿತರಿಗೆ 3 ರೂಪಾಯಿ, ಉಳಿದವರಿಗೆ 12 ರೂಪಾಯಿ. ಯೂನಿಯನ್‌ಗಳು ಇದಕ್ಕಿಂತ ಜಾಸ್ತಿ ತಗೊಳ್ಳುತ್ತವೆ, ನಿಜ. ಆದರೂ ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ಮಾತ್ರ ಕೆಲಸ ಸಿಗುವವರ ಹತ್ತಿರ ಎಷ್ಟು ಅಂತ ಕೇಳುತ್ತೀರಿ? ನನ್ನ ಮನೆ ನಡೆಯುವುದು ಜಮೀನಿನ ಕೇಸುಗಳಿಂದ. ಪಾಲು, ಪೌತಿ ಖಾತೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗದ ತಕರಾರು. ಕೊಡಗಿನಲ್ಲಿ ವಕೀಲರಿಗೆ ಅದಕ್ಕಂತೂ ಬರ ಇಲ್ಲ.

ಲೇಬರ್ ಕೋರ್ಟಿನಲ್ಲಿ ವಕೀಲರಿಗೆ ಪ್ರವೇಶವೇ ಇಲ್ಲವಂತೆ, ಮತ್ತೆ ಓದಿ ಏನು ಪ್ರಯೋಜನ?

ಒಳ್ಳೆಯ ಪ್ರಶ್ನೆ. ಅರ್ಧ ನಿಜ. 1947ರ ಕೈಗಾರಿಕಾ ವಿವಾದ ಕಾಯ್ದೆಯ 36ನೇ ಕಲಮಿನ ಪ್ರಕಾರ, ಸಂಧಾನ ಅಧಿಕಾರಿಯ ಮುಂದೆ ವಕೀಲರು ಬರುವ ಹಾಗೇ ಇಲ್ಲ. ಲೇಬರ್ ಕೋರ್ಟಿನಲ್ಲಿ ಬರಬೇಕಾದರೆ ಎದುರು ಪಕ್ಷದವರ ಒಪ್ಪಿಗೆ ಬೇಕು, ಕೋರ್ಟಿನ ಅನುಮತಿಯೂ ಬೇಕು. ಮಾಲೀಕರು ದೊಡ್ಡ ವಕೀಲರನ್ನು ತಂದು ಕೂರಿಸಿ ಬಡವನ ಬಾಯಿ ಮುಚ್ಚಿಸಬಾರದು ಅನ್ನೋದು ಅದರ ಹಿಂದಿನ ಯೋಚನೆ. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದು ಹಾಗೇ ಉಳಿದಿದೆ.

ಆದರೆ ಪಾರಾದೀಪ್ ಬಂದರಿನ ಕೇಸಿನಲ್ಲಿ 1976ರಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ವಕೀಲನೊಬ್ಬ ಯೂನಿಯನ್ನಿನ ಪದಾಧಿಕಾರಿಯಾಗಿದ್ದರೆ ಅವನು ಪದಾಧಿಕಾರಿಯಾಗಿಯೇ ಹಾಜರಾಗಬಹುದು, ಯಾರ ಒಪ್ಪಿಗೆಯೂ ಬೇಕಿಲ್ಲ. ಮಾಲೀಕರ ಸಂಘದ ಪದಾಧಿಕಾರಿಗೂ ಅದೇ ಅನ್ವಯ. ಅಂದರೆ ನಾನು ಕಪ್ಪು ಕೋಟು ಹಾಕಿಕೊಂಡು ಹೋದರೆ ಎದುರಿನವರು ಆಕ್ಷೇಪ ಎತ್ತಬಹುದು. ಕೋಟು ಕಾರಿನಲ್ಲಿ ಬಿಟ್ಟು ಯೂನಿಯನ್ನಿನ ನಿರ್ಣಯದ ಪ್ರತಿ ಹಿಡಿದು ಹೋದರೆ ಅವರು ಸುಮ್ಮನೆ ಕೂರಬೇಕು. ನನ್ನ ಪದವಿ ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದನ್ನು ತೋರಿಸದೆ ಇದ್ದಾಗ. ತಮಾಷೆಯಾಗಿದೆ ಅಲ್ವಾ?

ತೋಟದಲ್ಲಿ ಕೆಲಸ ಮಾಡದವರು ಪದಾಧಿಕಾರಿ ಆಗಬಹುದಾ?

ಆಗಬಹುದು, ಮಿತಿ ಇದೆ. ಹೊರಗಿನವರು ಒಟ್ಟು ಪದಾಧಿಕಾರಿಗಳಲ್ಲಿ ಮೂರನೇ ಒಂದು ಭಾಗ ಅಥವಾ 5 ಜನ, ಯಾವುದು ಕಡಿಮೆಯೋ ಅಷ್ಟು. ಅಸಂಘಟಿತ ವಲಯದಲ್ಲಿ ಅರ್ಧದವರೆಗೆ ಇರಬಹುದು. ಈ ಮಿತಿ ಇರಬೇಕು ಅನ್ನುವವನು ನಾನು. ಲಾಯರುಗಳೇ ತುಂಬಿದ ಯೂನಿಯನ್ ಕೊನೆಗೆ ಲಾಯರ್ ಆಫೀಸೇ ಆಗುತ್ತದೆ.

ಹಿಂದೆ ಈ ದಾರಿಯಲ್ಲಿ ಯಾರಾದರೂ ಹೋಗಿದ್ದಾರಾ?

ಸಾಲು ಸಾಲಾಗಿ. 1908ರಲ್ಲಿ ತೂತ್ತುಕುಡಿಯ ಕೋರಲ್ ಮಿಲ್ ಮುಷ್ಕರ ನಡೆಸಿದ ವಿ.ಒ. ಚಿದಂಬರಂ ಪಿಳ್ಳೈ ವಕೀಲರು. ಕೂಲಿ ಜಾಸ್ತಿ ಮಾಡಿಸಿದರು, ವಾರದ ರಜೆ ಕೊಡಿಸಿದರು, ಜೈಲಿಗೆ ಹೋದರು, ಸನದನ್ನೂ ಕಳೆದುಕೊಂಡರು. ಮದರಾಸಿನ ಸಿಂಗಾರವೇಲರ್ ಅಸಹಕಾರ ಚಳವಳಿಯ ಹೊತ್ತಿಗೆ ತಮ್ಮ ವಕೀಲರ ಗೌನನ್ನೇ ಸುಟ್ಟುಹಾಕಿದವರು. 1923ರಲ್ಲಿ ಈ ದೇಶದ ಮೊದಲ ಮೇ ದಿನ ಆಚರಿಸಿದ್ದು ಅವರೇ. 1920ರಲ್ಲಿ ಎಐಟಿಯುಸಿ (ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್) ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದ ಲಾಲಾ ಲಜಪತ ರಾಯರೂ ವಕೀಲಿಕೆ ಮಾಡಿದವರು. ಬ್ಯಾರಿಸ್ಟರ್ ಅಂಬೇಡ್ಕರ್ 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಮುಂಬಯಿ ಸರ್ಕಾರ ಮುಷ್ಕರವನ್ನು ಕಟ್ಟಿಹಾಕುವ ಮಸೂದೆ ತಂದಾಗ 1938ರ ನವೆಂಬರ್ 7ರಂದು ಇಡೀ ದಿನದ ಮುಷ್ಕರ ಮಾಡಿಸಿದರು. ಬೆಂಗಳೂರಿನಲ್ಲಿ ವಕೀಲ ಕೆ.ಟಿ. ಭಾಷ್ಯಂ ಕಾರ್ಮಿಕರ ಮುಖಂಡರಾಗಿದ್ದು, 1947ರಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಸೇರಿದರು.

ನನಗೆ ಹತ್ತಿರ ಅನ್ನಿಸುವುದು ವಿ.ವಿ. ಗಿರಿ. ಕಾನೂನು ಓದಲು 1913ರಲ್ಲಿ ಐರ್ಲೆಂಡಿನ ಡಬ್ಲಿನ್‌ಗೆ ಹೋದರು, ಅಲ್ಲಿನ ಸ್ವಾತಂತ್ರ್ಯ ಹೋರಾಟದವರ ಸಹವಾಸ ಮಾಡಿ 1916ರಲ್ಲಿ ದೇಶ ಬಿಡಬೇಕಾಯಿತು. ವಾಪಸು ಬಂದು ವಕೀಲಿಕೆ ಶುರು ಮಾಡಿ, ಅದನ್ನೂ ಬಿಟ್ಟು, ರೈಲ್ವೆ ಕಾರ್ಮಿಕರನ್ನು ಸಂಘಟಿಸಿದರು. ಎರಡು ಸಲ ಎಐಟಿಯುಸಿ ಅಧ್ಯಕ್ಷರಾದರು. 1952ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿ. ಬ್ಯಾಂಕ್ ನೌಕರರ ಪರವಾಗಿ ಬಂದಿದ್ದ ತೀರ್ಪನ್ನು ಸರ್ಕಾರವೇ ತಿದ್ದಿದಾಗ 1954ರಲ್ಲಿ ರಾಜೀನಾಮೆ ಕೊಟ್ಟು ಎದ್ದು ಬಂದರು. ಆಮೇಲೆ 1965ರಿಂದ 67ರವರೆಗೆ ನಮ್ಮ ಮೈಸೂರು ರಾಜ್ಯಕ್ಕೇ ರಾಜ್ಯಪಾಲರು, 1969ರಲ್ಲಿ ರಾಷ್ಟ್ರಪತಿ. ಕಾನೂನು ಓದಿದ ಈ ಮನುಷ್ಯ ಜೀವನವಿಡೀ ವಾದಿಸಿದ್ದು ಕೋರ್ಟಿಗೆ ಹೋಗಬೇಡಿ, ಮೊದಲು ಎದುರುಬದುರು ಕೂತು ಮಾತಾಡಿ ಅಂತ.

ಉಲ್ಟಾ ದಾರಿಯಲ್ಲಿ ಬಂದವರೂ ಇದ್ದಾರೆ. ಸುಧಾ ಭಾರದ್ವಾಜ್ ಐಐಟಿಯಲ್ಲಿ ಗಣಿತ ಓದಿ, ಛತ್ತೀಸಗಢದ ಗಣಿ ಕಾರ್ಮಿಕರ ಜೊತೆ ವರ್ಷಗಟ್ಟಲೆ ಇದ್ದು, ನಮ್ಮ ಕೇಸಿಗೆ ನಮ್ಮವರೇ ವಕೀಲರು ಬೇಕು ಅಂತ ಆದಾಗ, ಸುಮಾರು ನಲವತ್ತನೇ ವಯಸ್ಸಿನಲ್ಲಿ ಲಾಯರ್ ಆದರು. ತಡವಾಯಿತು ಅಂತ ಕೊರಗುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ತೋಟದಲ್ಲಿ ದಿನನಿತ್ಯದ ಕೆಲಸ ಹೇಗಿರುತ್ತದೆ?

ಕಾಗದ ಹುಡುಕುವ ಕೆಲಸ. ಒಂದು ಕೇಸು ಹೇಳುತ್ತೇನೆ, ತೋಟದ ಹೆಸರು ಬೇಡ. ಎರವ ಸಮುದಾಯದ ಒಬ್ಬ ಅಜ್ಜಿ, ಒಂದೇ ತೋಟದಲ್ಲಿ 27 ವರ್ಷ ದುಡಿದಿದ್ದಾರೆ. ಕೈಲಾಗದೆ ಕೆಲಸ ಬಿಟ್ಟರು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಸಿಗಬೇಕಾದ ಹಣ, ಕೇಳಿದರೆ, ಈಕೆ ನಮ್ಮ ಕಾಯಂ ಆಳೇ ಅಲ್ಲ, ಕೊಯ್ಲಿಗೆ ಮಾತ್ರ ಬರುತ್ತಿದ್ದವಳು ಅಂದರು. ಚೆಕ್ ರೋಲ್ (ಆಳುಗಳ ಹಾಜರಿ ಪುಸ್ತಕ) ತೋರಿಸಿ ಅಂದರೆ ಹಳೆಯದೆಲ್ಲ ಗೆದ್ದಲು ತಿಂದಿದೆಯಂತೆ. ಕೊಡಗಿನ ಗೆದ್ದಲಿಗೆ ಚೆಕ್ ರೋಲ್ ಅಂದರೆ ಬಹಳ ರುಚಿ, ಏನು ಮಾಡೋದು.

ಅಜ್ಜಿಯ ಹತ್ತಿರ ಒಂದು ಬಿಸ್ಕತ್ ಡಬ್ಬ ಇತ್ತು. ಅದರಲ್ಲಿ ಆರು ಬೋನಸ್ ಚೀಟಿ, ಮಸುಕಾದವು. ಮಗನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ವಿಳಾಸ ಅಂತ ಆ ತೋಟದ ಲೈನ್ ಮನೆ. ಹೆರಿಗೆಗೆ ಹೋದ ಆಸ್ಪತ್ರೆಯ ಚೀಟಿಯಲ್ಲೂ ಅದೇ. ಇಷ್ಟನ್ನು ಒಟ್ಟು ಹಾಕಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ 19 ವರ್ಷಕ್ಕೆ ಒಪ್ಪಿದರು. ಗ್ರಾಚ್ಯುಟಿ ಲೆಕ್ಕ ಕಷ್ಟ ಇಲ್ಲ: ಒಂದು ವರ್ಷದ ಸೇವೆಗೆ 15 ದಿನದ ಕೂಲಿ. ಅವರ ಕೊನೆಯ ದಿನಗೂಲಿ 350 ರೂಪಾಯಿ. 350ನ್ನು 15ರಿಂದ, ಅದನ್ನು 19ರಿಂದ ಗುಣಿಸಿದರೆ 99,750. ಲಕ್ಷಕ್ಕೆ 250 ಕಡಿಮೆ. ಅಜ್ಜಿಗೆ ಖುಷಿಯಾಯಿತು. ನನಗೆ ಆ ಬಾಕಿ 8 ವರ್ಷ ಇವತ್ತಿಗೂ ಚುಚ್ಚುತ್ತದೆ. ಮೊದಲೇ ಯಾರಾದರೂ ವರ್ಷಕ್ಕೊಂದು ಚೀಟಿ ಎತ್ತಿಡಿ ಅಂತ ಹೇಳಿದ್ದರೆ ಅವೂ ಸಿಗುತ್ತಿದ್ದವು. ಈಗ ನಾವು ಯೂನಿಯನ್ ಸದಸ್ಯರಿಗೆ ಮೊದಲು ಕೊಡುವುದು ಒಂದು ಪ್ಲಾಸ್ಟಿಕ್ ಕವರು. ಬಾವುಟ ಆಮೇಲೆ.

ಮುಂಗಡ ತಗೊಂಡವರು ತೋಟ ಬಿಟ್ಟು ಹೋಗುವ ಹಾಗಿಲ್ಲ ಅನ್ನುತ್ತಾರಲ್ಲ?

ಮದುವೆಗೋ ಕಾಯಿಲೆಗೋ ಮುಂಗಡ ಕೊಟ್ಟು, ತೀರುವ ತನಕ ಬೇರೆಡೆ ಹೋಗಬೇಡ ಅಂತ ಹಿಡಿದಿಟ್ಟರೆ ಅದು ಜೀತ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಪ್ರಕಾರ ಆ ಸಾಲವೇ ರದ್ದಾಗುತ್ತದೆ, ಹಿಡಿದಿಟ್ಟವರಿಗೆ ಶಿಕ್ಷೆಯೂ ಇದೆ. ದೂರು ಕೊಡಬೇಕಾದ್ದು ಡಿಸಿ ಅಥವಾ ಎಸಿ ಅವರಿಗೆ. ಇಂಥ ಕೇಸಿಗೆ ಒಬ್ಬರೇ ಹೋಗಬೇಡಿ. ಮತ್ತು ಮೊದಲ ದಿನವೇ ಆ ಕುಟುಂಬ ಇವತ್ತು ರಾತ್ರಿ ಎಲ್ಲಿ ಮಲಗುತ್ತದೆ ಅನ್ನೋದನ್ನು ಗಟ್ಟಿ ಮಾಡಿಕೊಳ್ಳಿ. ಲೈನ್ ಮನೆ ಮಾಲೀಕರದ್ದು. ಕಾನೂನು ನಮ್ಮ ಕಡೆ ಇದ್ದರೂ ಬೀಗದ ಕೈ ಅವರ ಕಡೆ ಇರುತ್ತದೆ.

ಕೆಲಸದ ವೇಳೆ ಆನೆ ತುಳಿದರೆ?

ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟದ ಕಡೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಅರಣ್ಯ ಇಲಾಖೆ ಕೊಡುವ ಪರಿಹಾರ ಒಂದು. ಕೆಲಸದಲ್ಲಿ ಇದ್ದಾಗ, ಕೆಲಸದ ಕಾರಣಕ್ಕೆ ಆದ ಸಾವಿಗೆ ಮಾಲೀಕರ ಹೊಣೆ ಇನ್ನೊಂದು. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಕೇಳದೆ ಬಿಡಬೇಡಿ. ಮರ ಕಪಾತು ಮಾಡುವಾಗ ಬಿದ್ದರೂ, ಏಣಿ ಲೈನಿಗೆ ತಗುಲಿ ಕರೆಂಟ್ ಹೊಡೆದರೂ ಇದೇ.

ಮಾಲೀಕರು ಕೊಡಬೇಕಾದ್ದರ ಲೆಕ್ಕ ಹೀಗೆ: ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 40 ವರ್ಷದವರಿಗೆ ಆ ಅಂಕಿ 184.17. ತಿಂಗಳಿಗೆ 12,000 ದುಡಿಯುತ್ತಿದ್ದರೆ 6,000 ಗುಣಿಸು 184.17, ಅಂದರೆ 11,05,020 ರೂಪಾಯಿ. ಈ ಅಂಕಿ ಗೊತ್ತಿಲ್ಲದ ಮನೆಯವರಿಗೆ ಸಾವಿನ ಮೂರನೇ ದಿನವೇ ಒಂದು ಲಕ್ಷ ಕೊಟ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದನ್ನು ನಾನು ನೋಡಿದ್ದೇನೆ. ಸಾವಿನ ಕೇಸಿನಲ್ಲಿ ಪರಿಹಾರವನ್ನು ಅಧಿಕಾರಿಯ ಮುಂದೆ ಠೇವಣಿ ಇಡಬೇಕು. ಕೈಗೆ ಕೊಟ್ಟು ಮುಗಿಸಿದೆವು ಅನ್ನೋ ಮಾತು ನಿಲ್ಲುವುದಿಲ್ಲ.

ಹತ್ತು ಎಕರೆ ತೋಟದವರ ಮೇಲೂ ಕೇಸು ಹಾಕುತ್ತೀರಾ?

ಕೊಡಗಿನ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ವಸತಿ, ಆಸ್ಪತ್ರೆ ಎಲ್ಲ ಕೊಡಲೇಬೇಕು ಅಂದ 1951ರ ತೋಟ ಕಾರ್ಮಿಕರ ಕಾಯ್ದೆ ಅನ್ವಯ ಆಗುತ್ತಿದ್ದದ್ದು 5 ಹೆಕ್ಟೇರ್, ಅಂದರೆ ಹನ್ನೆರಡು ಎಕರೆ ಚಿಲ್ಲರೆ, ಜೊತೆಗೆ 15 ಆಳು ಇರುವ ತೋಟಗಳಿಗೆ. ಆದರೆ ಕನಿಷ್ಠ ಕೂಲಿ ಎಲ್ಲರಿಗೂ ಅನ್ವಯ. ನಮ್ಮ ಮನೆಗೂ ನಾಲ್ಕು ಎಕರೆ ರೊಬಸ್ಟಾ ಕಾಫಿ ಇದೆ, ಕೊಯ್ಲಿಗೆ ಆಳು ಸಿಗದ ಕಷ್ಟ ನನಗೂ ಗೊತ್ತು.

ಹಾಗಾದರೆ ನೆಂಟರಿಷ್ಟರ ಜೊತೆ ಜಗಳ ಆಗುವುದಿಲ್ಲವಾ?

ಆಗದೆ ಇರುತ್ತದಾ. ಜಿಲ್ಲೆ ಚಿಕ್ಕದು. ಬೆಳಿಗ್ಗೆ ಸಂಧಾನದಲ್ಲಿ ಎದುರು ಕೂತವರು ಸಂಜೆ ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತಿರುತ್ತಾರೆ. ಪುತ್ತರಿ ಹಬ್ಬಕ್ಕೆ ಕರೆಯುವುದನ್ನು ನಿಲ್ಲಿಸಿದವರಿದ್ದಾರೆ. ನಮ್ಮ ದೊಡ್ಡಪ್ಪ ಒಬ್ಬರು ಎರಡು ವರ್ಷ ಮಾತೇ ಬಿಟ್ಟಿದ್ದರು. ಆಮೇಲೆ ಅವರ ಮಗನನ್ನು ಬೆಂಗಳೂರಿನ ಕಂಪನಿಯೊಂದು ಕೆಲಸದಿಂದ ತೆಗೆದಾಗ ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. "ನಿನ್ನ ಆ ಕಾಯ್ದೆ ಸಾಫ್ಟ್‌ವೇರಿನವರಿಗೂ ಬರುತ್ತದೇನೋ?" ಅಂದರು.

ನಾನು ಪಾಲಿಸುವುದು ಒಂದೇ. ಹತ್ತಿರದವರ ತೋಟದ ವಿಷಯ ಬಂದರೆ ಯೂನಿಯನ್ನಿನ ಸಮಿತಿಗೆ ಮೊದಲೇ ಹೇಳಿ ಪಕ್ಕಕ್ಕೆ ಸರಿಯುತ್ತೇನೆ, ಬೇರೆಯವರು ನೋಡಿಕೊಳ್ಳುತ್ತಾರೆ. ಮುಚ್ಚಿಟ್ಟರೆ ಒಂದೇ ಸಂತೆ ದಿನ ಸಾಕು, ಇಡೀ ಊರಿಗೆ ಗೊತ್ತಾಗಲು.

ಹೊಸ ಕಾರ್ಮಿಕ ಸಂಹಿತೆಗಳಿಂದ ಏನು ಬದಲಾಗಿದೆ?

2025ರ ನವೆಂಬರ್ 21ರಿಂದ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. ತೋಟ ಕಾರ್ಮಿಕರ ಹಳೆಯ ಕಾಯ್ದೆ, ವಿವಾದ ಕಾಯ್ದೆ, ಟ್ರೇಡ್ ಯೂನಿಯನ್ ಕಾಯ್ದೆ ಎಲ್ಲ ಅವುಗಳ ಒಳಗೆ ಸೇರಿಹೋಗಿವೆ. ಮುಖಂಡರಾಗುವವರು ಬಾಯಿಪಾಠ ಮಾಡಬೇಕಾದ ವಿಷಯ ಮೂರು.

ಮುಷ್ಕರಕ್ಕೆ ಈಗ ಎಲ್ಲ ಕಡೆಯೂ 14 ದಿನ ಮೊದಲು ನೋಟಿಸ್ ಕೊಡಬೇಕು. ಹಿಂದೆ ಇಂಥ ನೋಟಿಸ್ ಕಡ್ಡಾಯ ಇದ್ದದ್ದು ಸಾರ್ವಜನಿಕ ಸೇವೆಗಳಿಗೆ. ಮುಷ್ಕರ ಅನ್ನುವುದು ಬೇಡ, ಎಲ್ಲರೂ ಒಂದೇ ದಿನ ರಜೆ ಹಾಕೋಣ ಅನ್ನುವ ನಮ್ಮ ಹಳೆಯ ಉಪಾಯವೂ ನಡೆಯುವುದಿಲ್ಲ. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ಅಕ್ರಮ ಮುಷ್ಕರಕ್ಕೆ ಇಳಿದ ಕೆಲಸಗಾರನಿಗೆ 1,000ದಿಂದ 10,000 ರೂಪಾಯಿ ದಂಡ ಅಥವಾ ಒಂದು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕುಮ್ಮಕ್ಕು ಕೊಟ್ಟವರಿಗೆ, ಅಂದರೆ ನಮಗೆ, ಇನ್ನೂ ಜಾಸ್ತಿ.

ಎರಡನೆಯದು, ಒಂದೇ ತೋಟದಲ್ಲಿ ಎರಡು ಮೂರು ಯೂನಿಯನ್ ಇದ್ದರೆ ಶೇ 51 ಜನ ಯಾರ ಕಡೆಯೋ ಅವರಿಗೆ ಮಾತ್ರ ಮಾತುಕತೆಯ ಹಕ್ಕು. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ 20 ಇರುವವರೆಲ್ಲ ಸೇರಿದ ಒಂದು ಮಂಡಳಿ. ಎಐಟಿಯುಸಿ, ಸಿಐಟಿಯು, ಐಎನ್‌ಟಿಯುಸಿ ಅಂತ ಬೇರೆ ಬೇರೆ ಯೂನಿಯನ್ ಒಕ್ಕೂಟಗಳಿಗೆ ಹಂಚಿಹೋದ ತೋಟಗಳಲ್ಲಿ ಇದು ದೊಡ್ಡ ತಲೆನೋವು.

ಮೂರನೆಯದು, ಕೆಲಸದಿಂದ ತೆಗೆದರೆ ದೂರು ಕೊಡಲು ಇದ್ದ ಅವಧಿ ಕೇಂದ್ರದ ಕಾಯ್ದೆಯಲ್ಲಿ 3 ವರ್ಷ ಇತ್ತು, ಈಗ 2 ವರ್ಷ. ಕಾಫಿ ಕೊಯ್ಲು ಮುಗಿಯಲಿ, ಮಳೆ ಕಳೆಯಲಿ ಅಂತ ಮುಂದೂಡುತ್ತಾ ಹೋದರೆ ಎರಡು ವರ್ಷ ಗೊತ್ತೇ ಆಗುವುದಿಲ್ಲ.

ಕೋರ್ಟು ಒಳ್ಳೆಯದಾ, ಮಾತುಕತೆ ಒಳ್ಳೆಯದಾ?

ಮಡಿಕೇರಿಯ ಕಾರ್ಮಿಕ ಅಧಿಕಾರಿಯ ಮುಂದೆ ಎರಡು ಮೂರು ಸಭೆಯಲ್ಲಿ ಮುಗಿಯುವುದಾದರೆ ಅಲ್ಲೇ ಮುಗಿಸಿ, ನಾಲ್ಕಾಣೆ ಕಡಿಮೆ ಆದರೂ ಸರಿ. ಮೈಸೂರಿನ ಲೇಬರ್ ಕೋರ್ಟಿಗೆ ಹೋದರೆ ಪ್ರತಿ ವಾಯಿದೆಗೂ ಒಂದು ದಿನದ ಕೂಲಿ, ಬಸ್ಸಿನ ದುಡ್ಡು, ಊಟ. ಸಾಕ್ಷಿ ಹೇಳುವವನದ್ದೂ ಸೇರಿಸಿ. ವರ್ಷ ಕಳೆದ ಹಾಗೆ ಸಾಕ್ಷಿಗಳು ಊರು ಬಿಡುತ್ತಾರೆ. ಆದರೆ ಯೂನಿಯನ್ ಕಟ್ಟಿದ್ದಕ್ಕೇ ಒಬ್ಬನನ್ನು ಹೊರಹಾಕಿದ್ದರೆ ಅಲ್ಲಿ ರಾಜಿ ಇಲ್ಲ. ಅದರಲ್ಲಿ ಹಣ ತಗೊಂಡು ಬಂದರೆ ಮುಂದಿನ ವರ್ಷ ಆ ತೋಟದಲ್ಲಿ ಯಾರೂ ನಿಮ್ಮ ಸದಸ್ಯತ್ವದ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ.

ದುಡ್ಡಿಲ್ಲ ಅಂತ ಕೋರ್ಟಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.

ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಬಹುದಾ?

ಬರಲೇಬೇಕು. ಕೊಯ್ಲಿನ ಸಾಲಿನಲ್ಲಿ ನೋಡಿ, ಎಷ್ಟು ಜನ ಹೆಂಗಸರು. ಸಮಿತಿಯಲ್ಲಿ ನೋಡಿ, ಎಷ್ಟು ಜನ ಗಂಡಸರು. ಲೈನ್ ಮನೆಗೆ ಶೌಚಾಲಯ ಇಲ್ಲ ಅನ್ನುವ ದೂರನ್ನು ನಾನು ಹೋದಾಗ ಯಾರೂ ಹೇಳಿರಲಿಲ್ಲ. ಜೂನಿಯರ್ ಹುಡುಗಿ ಹೋದ ದಿನ ಹನ್ನೊಂದು ಜನ ಹೇಳಿದರು.

ಕನ್ನಡ ಇಂಗ್ಲಿಷ್ ಬಂದರೆ ಸಾಕಾ?

ಸಾಲದು. ಒಂದೇ ಲೈನಿನಲ್ಲಿ ಎರವ ಭಾಷೆ, ಕುರುಬರ ಭಾಷೆ, ತಮಿಳು, ಮಲಯಾಳ, ತುಳು, ಈಗ ಅಸ್ಸಾಮಿನಿಂದ ಬಂದವರ ಮಾತೂ ಕೇಳುತ್ತದೆ. ಅಸ್ಸಾಮಿನವರನ್ನು ಹೊರಗಿನವರು ಅಂತ ಬಿಟ್ಟರೆ ಕೂಲಿ ಇಳಿಯುವುದು ಎಲ್ಲರದ್ದೂ. ನನ್ನ ಹಿಂದಿ ಕೇಳಿ ಅವರು ನಗುತ್ತಾರೆ, ನಗಲಿ.

ಮುಂದೆ ಎಲೆಕ್ಷನ್ನಿಗೆ ನಿಲ್ಲುತ್ತೀರಾ?

ಇಲ್ಲ.

ನಿಮ್ಮ ಜೊತೆ ಸ್ವಲ್ಪ ದಿನ ಬಂದು ನೋಡಬಹುದಾ?

ಬನ್ನಿ. ಜನವರಿಯಲ್ಲಿ ರೊಬಸ್ಟಾ ಕೊಯ್ಲು ಜೋರಾದ ಮೇಲೆ ಬಂದರೆ ಒಳ್ಳೆಯದು. ಸಂಜೆ ಹಣ್ಣು ತೂಕ ಹಾಕುವ ಜಾಗದಲ್ಲಿ ನಿಲ್ಲಿ. ರೈಟರ್ (ತೋಟದ ಗುಮಾಸ್ತ) ಬರೆಯುವ ಕೆಜಿ ಎಷ್ಟು, ತಕ್ಕಡಿ ತೋರಿಸುವ ಕೆಜಿ ಎಷ್ಟು ಅಂತ ಸುಮ್ನೆ ಬರೆದುಕೊಳ್ಳಿ, ಮಾತಾಡಬೇಡಿ. ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಕತ್ತಲಾಗುವ ಮೊದಲು ರಸ್ತೆಗೆ ಬಂದುಬಿಡಬೇಕು, ಆನೆ ಇದೆ. ನೋಟ್‌ಬುಕ್ ಒಂದು ಸಾಕು, ಪೆನ್ನು ಮಾತ್ರ ಎರಡು ತನ್ನಿ. ಒಂದನ್ನು ನಾನು ಇಸಕೊಂಡು ಮರೆಯುತ್ತೇನೆ.